ಸೆಲ್ಫ್ ಬಿಚ್ಚುವ ಮೇಸ್ತ್ರಿ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಆಸುಪಾಸಿನ ಗಲ್ಲಿಗಳಲ್ಲಿ ‘ಸೆಲ್ಫ್, ಡೈನಮೊ ರಿಪೇರಿ’ ಎಂಬ ಬೋರ್ಡುಗಳು ಅಲ್ಲಲ್ಲಿ ಉಳಿದಿವೆ. ಕೀಲಿ ತಿರುಗಿಸಿದರೆ ‘ಟಕ್’ ಎಂದಷ್ಟೇ ಹೇಳಿ ಸುಮ್ಮನಾಗುವ ಕಾರುಗಳು ತಳ್ಳಿಸಿಕೊಂಡು ಬಂದು ನಿಲ್ಲುವುದು ಇಲ್ಲೇ. ಇಂಥದೊಂದು ಅಂಗಡಿಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಗಲ್ಲಿಗೆಲ್ಲ ಅವರು ಬರೀ ‘ಮೇಸ್ತ್ರಿ’.

ಕಾರು ಬಂದೊಡನೆ ಮೇಸ್ತ್ರಿ ಸೆಲ್ಫ್‌ಗೆ, ಅಂದರೆ ಎಂಜಿನ್ನಿಗೆ ಮೊದಲ ತಿರುವು ಕೊಡುವ ಸ್ಟಾರ್ಟರ್ ಮೋಟರಿಗೆ, ಕೈ ಹಾಕುವುದಿಲ್ಲ. ಹೆಡ್‌ಲೈಟ್ ಹಾಕಿಸಿ ಕೀಲಿ ತಿರುಗಿಸಲು ಹೇಳುತ್ತಾರೆ. ಬೆಳಕು ಪೂರ್ತಿ ಮಂಕಾದರೆ ಬ್ಯಾಟರಿಯನ್ನೋ ಕಿಲುಬು ಹಿಡಿದ ಟರ್ಮಿನಲ್ ಅನ್ನೋ ಮೊದಲು ನೋಡುತ್ತಾರೆ. ಎಷ್ಟೋ ಕಾರುಗಳು ಅಷ್ಟಕ್ಕೇ ವಾಸಿಯಾಗಿ ಹೋಗುತ್ತವೆ.

ಬಿಚ್ಚಲೇಬೇಕಾದರೆ ಮೊದಲ ಪಾನಾ ಬ್ಯಾಟರಿಯ ಮೈನಸ್‌ಗೆ. ಪ್ಲಸ್‌ನಿಂದ ಸೆಲ್ಫ್‌ಗೆ ಬರುವ ದಪ್ಪ ಕೇಬಲ್‌ಗೆ ಹೆಚ್ಚಿನ ಕಾರುಗಳಲ್ಲಿ ಫ್ಯೂಸ್ ಇರುವುದಿಲ್ಲ. ಕೀಲಿ ತೆಗೆದಿದ್ದರೂ ಅದು ಜೀವಂತ. ಪಾನಾದ ಒಂದು ತುದಿ ಅದರ ನಟ್ಟಿಗೂ ಇನ್ನೊಂದು ಎಂಜಿನ್ ಬಾಡಿಗೂ ತಾಗಿದರೆ ನೂರಾರು ಆಂಪಿಯರ್ ಹರಿಯುತ್ತದೆ. 12 ವೋಲ್ಟ್ ಶಾಕ್ ಹೊಡೆಯದು, ಆದರೆ ಉಂಗುರ ನಡುವೆ ಸಿಕ್ಕರೆ ಕಾದು ಬೆರಳು ಸುಡುತ್ತದೆ. ಅದಕ್ಕೇ ಕೆಲಸದ ಹುಡುಗರ ಉಂಗುರ, ಕಡಗ, ವಾಚು ಬೆಳಿಗ್ಗೆಯೇ ಮೇಸ್ತ್ರಿಯ ಡ್ರಾಯರ್ ಸೇರುತ್ತವೆ. ಜಾಕಿಯೊಂದನ್ನೇ ನಂಬಿ ಕಾರಿನಡಿ ನುಸುಳಿದವನಿಗೆ ಬೈಗುಳ ಖಾತ್ರಿ. ಚಕ್ರಕ್ಕೆ ಅಡ್ಡ ಕೊಟ್ಟು, ಸ್ಟ್ಯಾಂಡ್ ಇಟ್ಟ ಮೇಲೇ ಒಳಗೆ ಹೋಗಬೇಕು. ವೈರುಗಳನ್ನು ಬಿಡಿಸಿ ಕೊನೆಯ ಬೋಲ್ಟ್ ಸಡಿಲಿಸುವಾಗ ಒಂದು ಕೈ ಮೋಟರಿಗೆ ಆಸರೆಯಾಗಿರಬೇಕು. ಕೆಲವು ಕಿಲೋ ತೂಕದ ಕಬ್ಬಿಣ ಮುಖದ ಮೇಲೆ ಬೀಳಬಾರದಲ್ಲ!

ಮೇಸ್ತ್ರಿಯ ಕೈಚಳಕ ಕಾಣುವುದು ಬೆಂಚಿನ ಮೇಲೆ. ಸವೆದು ಗಿಡ್ಡಾದ ಕಾರ್ಬನ್ ಬ್ರಷ್‌ಗಳನ್ನು ತೆಗೆದು, ಕಪ್ಪಾದ ಕಮ್ಯುಟೇಟರ್‌ಗೆ ನುಣ್ಣನೆಯ ಉಪ್ಪುಕಾಗದ ಸುತ್ತಿ ತಿರುಗಿಸುತ್ತಾರೆ. ಎಮರಿ ಮುಟ್ಟುವುದಿಲ್ಲ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತರೆ ಶಾರ್ಟ್ ಆಗಬಹುದು. ಆ ಸಂದುಗಳನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಒಂದೊಂದಾಗಿ ಕೆರೆಯುತ್ತಾರೆ. ಈ ಕೆಲಸದಲ್ಲಿರುವಾಗ ಫೋನ್ ಬಂದರೂ ಎತ್ತುವುದಿಲ್ಲ. ಹೊಸ ಬ್ರಷ್, ಬುಷ್ ಕೂರಿಸಿ, ಪಿನಿಯನ್ ಹಲ್ಲು ಸವರಿ ನೋಡಿ, ಮೋಟರನ್ನು ವೈಸ್‌ಗೆ ಬಿಗಿದು ಕರೆಂಟ್ ಕೊಡುತ್ತಾರೆ. ಬಿಗಿಯದಿದ್ದರೆ ಅದು ಹಾರುತ್ತದೆ. ಮತ್ತೆ ಕಾರಿಗೆ ಜೋಡಿಸುವಾಗ ಬೋಲ್ಟ್‌ಗಳನ್ನು ಮೊದಲು ಬೆರಳಲ್ಲೇ ಹತ್ತಿಸಬೇಕು, ಮೈನಸ್ ಎಲ್ಲಕ್ಕಿಂತ ಕೊನೆಗೆ.

ಈ ಸೆಲ್ಫ್‌ಗೂ ಒಂದು ಚರಿತ್ರೆಯಿದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅಲ್ಲಿಯವರೆಗೆ ಎಂಜಿನ್ ತಿರುಗಿಸಲು ಹೆಚ್ಚಾಗಿ ಹ್ಯಾಂಡಲ್ಲೇ ಗತಿ. ಅದು ತಿರುಗಿ ಹೊಡೆದರೆ ಮಣಿಕಟ್ಟು ಮುರಿಯುತ್ತಿತ್ತು. ನಮ್ಮ ಹಳೆಯ ಅಂಬಾಸಿಡರ್‌ಗಳಿಗೆ ಸೆಲ್ಫ್ ಜೊತೆಗೆ ಹ್ಯಾಂಡಲ್ಲೂ ಇತ್ತು. ಮೇಸ್ತ್ರಿ ಕೆಲಸ ಕಲಿತದ್ದು ಆ ಕಾರುಗಳ ಮೇಲೆ.

ಈಗ ಬಹಳಷ್ಟು ಕಡೆ ಮೋಟರನ್ನು ಬಿಚ್ಚುವವರೇ ಇಲ್ಲ, ಇಡಿಯಾಗಿ ಬದಲಿಸುತ್ತಾರೆ. ಒಂದು ಜೊತೆ ಬ್ರಷ್‌ನಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಮೋಟರಿನ ಬಿಲ್ಲು. ಕಲಿಯಲು ಹುಡುಗರು ಬರುವುದು ಕಡಿಮೆಯಾಗಿದೆ. ಎಲೆಕ್ಟ್ರಿಕ್ ಕಾರಿಗಂತೂ ಎಂಜಿನ್ನೇ ಇಲ್ಲ, ಸೆಲ್ಫ್ ಎಲ್ಲಿಂದ ಬರಬೇಕು? ಈ ವಿದ್ಯೆಗೆ ಉಳಿದಿರುವುದು ಇನ್ನು ಸ್ವಲ್ಪ ಕಾಲ. ಅಲ್ಲಿಯವರೆಗಾದರೂ, ನಿಮ್ಮ ಕಾರು ‘ಟಕ್’ ಎಂದು ನಿಂತರೆ ಹೊಸದಕ್ಕೆ ದುಡ್ಡು ಕಟ್ಟುವ ಮೊದಲು ಹಳೆಯದನ್ನು ಇಂಥ ಒಬ್ಬರ ಬೆಂಚಿಗೆ ಒಯ್ದು ಬಿಚ್ಚಿಸಿ ನೋಡಿ.