ಐದನೆಯ ಅಂತಸ್ತಿನ ಕೋಣೆ

ನಮ್ಮ ಮೈಸೂರು ಸೀಮೆಯಲ್ಲಿ ಹೋಟೆಲು ಎಂದೊಡನೆ ನೆನಪಿಗೆ ಬರುವುದು ದೋಸೆ, ಕಾಫಿ. ಹಾಸಿಗೆ, ದಿಂಬು ಅಲ್ಲ. ಮಲಗುವುದಕ್ಕೆ ಛತ್ರವುಂಟು, ಲಾಡ್ಜುಂಟು, ಎರಡೂ ಇಲ್ಲದೆಡೆ ನೆಂಟರ ಮನೆಯ ಜಗಲಿಯುಂಟು. ಗುರುತಿಲ್ಲದವರ ಸೂರಿನಡಿ ಹಣ ತೆತ್ತು ಮಲಗುವುದರಲ್ಲಿ ಏನೋ ಒಂದು ಅನಾಥಭಾವವಿದೆಯೆಂದು ನಮ್ಮ ಹಿರಿಯರು ಬಗೆದಿದ್ದರೋ ಏನೋ. ಅಂತಹ ಸೂರೊಂದರ ಕೆಳಗೆ, ಅದೂ ಪ್ಯಾರಿಸ್ ಮಹಾನಗರದಲ್ಲಿ, ನಾನು ಹನ್ನೊಂದು ರಾತ್ರಿಗಳನ್ನು ಕಳೆದೆ. ಆ ಊರಿನ ವೈಭವವನ್ನು ಬಣ್ಣಿಸಿದವರು ಬಹಳ ಮಂದಿ. ನಾನು ಹೇಳಹೊರಟಿರುವುದು ಆ ಸೂರಿನ ವಿಷಯವನ್ನು, ಅದರಡಿಯಲ್ಲಿ ನಾನು ಕಲಿತ ಒಂದು ಸಣ್ಣ ಪಾಠವನ್ನು.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆಯ ಪಾಠ ಹೇಳಿದವನು ನಾನು. ವರ್ಷಕ್ಕೊಮ್ಮೆ ತಪ್ಪದೆ ಫ್ರಾನ್ಸಿನ ಮಹಾಕ್ರಾಂತಿ ಬರುತ್ತಿತ್ತು; ಸ್ವಾತಂತ್ರ್ಯ, ಸಮಾನತೆ, ಸೋದರತ್ವ ಎಂಬ ಮೂರು ಮಾತುಗಳನ್ನು ಕಪ್ಪುಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ನಿವೃತ್ತನಾದ ಮೇಲೆ ಆ ಮಾತುಗಳು ಹುಟ್ಟಿದ ಊರನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಹಂಬಲವಾಯಿತು. ಮಂಡಿನೋವಿನ ನನ್ನ ಮನೆಯಾಕೆ ತಾನು ಬರುವುದಿಲ್ಲವೆಂದಳು. ಬದಲಿಗೆ ನನ್ನ ಉಣ್ಣೆಯ ಕೋಟಿನ ಅಸ್ತರಿನೊಳಗೆ ಗುಟ್ಟಾದ ಒಂದು ಜೇಬನ್ನು ಹೊಲಿದುಕೊಟ್ಟಳು. ೨೦೧೯ರ ಜೂನ್ ೧೯ರಂದು ನಾನು ಪ್ಯಾರಿಸ್ ಸೇರಿದೆ.

ಹೋಟೆಲು ಇದ್ದುದು ಸೇನ್ ನದಿಯ ಎಡದಂಡೆಯಲ್ಲಿ, ಪಾಂತೆಯೋನ್ ಭವನದ ಹಿಂಬದಿಯ ಒಂದು ಕಿರುಬೀದಿಯಲ್ಲಿ. ಅದೆಲ್ಲ ವಿದ್ಯಾರ್ಥಿಗಳ ಕೇರಿ. ೧೨೫೭ರಲ್ಲಿ ರೊಬೇರ್ ದ ಸೊರ್ಬೋನ್ ಬಡ ವಿದ್ಯಾರ್ಥಿಗಳಿಗಾಗಿ ಸ್ಥಾಪಿಸಿದ ಸೊರ್ಬೋನ್ ಅಲ್ಲಿಯೇ ಇದೆ. ಹಿಂದೆ ಪಾಠಗಳೆಲ್ಲ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದುದರಿಂದ ಕೇರಿಗೆ ಲ್ಯಾಟಿನ್ ಕೇರಿಯೆಂದೇ ಹೆಸರು. ಬಾಗಿಲ ಪಕ್ಕದ ಫಲಕದಲ್ಲಿ ಒಂದೇ ಒಂದು ನಕ್ಷತ್ರವಿತ್ತು. ಫ್ರಾನ್ಸಿನಲ್ಲಿ ಹೋಟೆಲುಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳ ದರ್ಜೆಯುಂಟು. ನಮ್ಮದು ಆ ಆಕಾಶದಲ್ಲಿ ಕಡೆಯ ಮೂಲೆಯ ನಕ್ಷತ್ರ.

ಒಳಗೆ ಹೋದವನೇ ಕಾದಿರಿಸಿದ ಕಾಗದವನ್ನು ಮುಂದೆ ಚಾಚಿದೆ. ಮೇಜಿನ ಹಿಂದಿದ್ದ ವೃದ್ಧೆ ಅದನ್ನು ನೋಡಲೇ ಇಲ್ಲ. ನನ್ನ ಮುಖವನ್ನು ನೋಡುತ್ತ, “ಬೋಂಜೂರ್, ಮೊಸ್ಯೂ” ಎಂದು ಬಿಡಿಸಿ ಬಿಡಿಸಿ ಹೇಳಿದಳು. ನಾನು “ಬೋಂಜೂರ್, ಮದಾಮ್” ಎಂದ ಮೇಲೆಯೇ ಅವಳ ಕೈ ಕಾಗದದತ್ತ ಬಂತು. ಅಂಗಡಿಯಾಗಲಿ, ಹೋಟೆಲಾಗಲಿ, ಅಲ್ಲಿ ಮೊದಲು ನಮಸ್ಕಾರ, ಆಮೇಲೆ ವ್ಯವಹಾರ. ಮೂವತ್ತು ವರ್ಷ ಮಕ್ಕಳಿಂದ ನಮಸ್ಕಾರ ಪಡೆದು ಪಡೆದು, ನಾನಾಗಿ ಮೊದಲು ಹೇಳುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು. ಹಿತ್ತಾಳೆಯ ಬಿಲ್ಲೆ ಕಟ್ಟಿದ ಒಂದು ಭಾರವಾದ ಬೀಗದ ಕೈಯನ್ನು ಅವಳು ನನ್ನ ಅಂಗೈಯಲ್ಲಿಟ್ಟಳು. ಹೊರಗೆ ಹೋಗುವಾಗ ಅದನ್ನು ಅವಳಿಗೊಪ್ಪಿಸಿ ಹೋಗಬೇಕು. ಜೇಬಿನಲ್ಲಿ ಹೊತ್ತೊಯ್ಯಲು ಯಾರಿಗೂ ಮನಸ್ಸಾಗದಿರಲೆಂದೇ ಅಷ್ಟು ತೂಕ.

ನನ್ನ ಕೋಣೆ ಐದನೆಯ ಅಂತಸ್ತಿನಲ್ಲಿ. ಅಲ್ಲಿಯವರು ನೆಲದ ಅಂತಸ್ತನ್ನು ಎಣಿಕೆಗೆ ಹಿಡಿಯುವುದಿಲ್ಲವಾದ್ದರಿಂದ ನಮ್ಮ ಮುದುಕರ ಲೆಕ್ಕದಲ್ಲಿ ಅದು ಆರನೆಯದು. ಲಿಫ್ಟು ಇಲ್ಲ, ಸವೆದು ನಡು ತಗ್ಗಾದ ಮರದ ಮೆಟ್ಟಿಲುಗಳು ಶಂಖದೊಳಗಿನ ಸುರುಳಿಯಂತೆ ಮೇಲೇರುತ್ತವೆ. ದೀಪದ ಏರ್ಪಾಡಂತೂ ಜಿಪುಣತನದ ಪರಮಾವಧಿ. ಪ್ರತಿ ಅಂತಸ್ತಿನಲ್ಲೂ ಗೋಡೆಗೊಂದು ಗುಂಡಿಯಿದೆ. ಒತ್ತಿದರೆ ಮೆಟ್ಟಿಲುಸಾಲಿನ ದೀಪಗಳೆಲ್ಲ ಬೆಳಗುತ್ತವೆ, ಸುಮಾರು ಒಂದು ನಿಮಿಷ ಕಳೆದೊಡನೆ ತಾವಾಗಿಯೇ ಆರಿಹೋಗುತ್ತವೆ. ಒಂದು ನಿಮಿಷದಲ್ಲಿ ಐದು ಅಂತಸ್ತು ಏರುವುದು ಯೌವನಕ್ಕೆ ಸಾಧ್ಯ. ನನ್ನಂತಹವನು ಮೂರನೆಯದರ ಹತ್ತಿರ ಕತ್ತಲಲ್ಲಿ ನಿಂತು, ಗೋಡೆ ತಡವಿ, ಮುಂದಿನ ಗುಂಡಿಯನ್ನು ಹುಡುಕಬೇಕು.

ಕೋಣೆಯಲ್ಲಿದ್ದುದು ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಒಂದು ಬಟ್ಟೆಯ ಬೀರು. ದಿಂಬಿಗೆ ಬದಲು ಹಾಸಿಗೆಯ ಅಗಲಕ್ಕೂ ಚಾಚಿದ ಉದ್ದನೆಯ ಉರುಟು ಲೋಡು. ಮಾಡು ಇಳಿಜಾರಾದುದರಿಂದ ಕಿಟಕಿಯ ಬಳಿ ತಲೆ ಬಗ್ಗಿಸಿ ನಿಲ್ಲಬೇಕು. ಆದರೆ ಕಿಟಕಿ ತೆರೆದರೆ ಕಣ್ಣು ಹಾಯುವಷ್ಟು ದೂರವೂ ಬೂದುಬಣ್ಣದ ಸತುವಿನ ಮಾಡುಗಳು, ಅವುಗಳ ಮೇಲೆ ಸಾಲುಸಾಲಾಗಿ ಮಣ್ಣಿನ ಹೊಗೆಕೊಳವೆಗಳು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಊಟ ಮುಗಿಸಿ ಮಲಗಲು ಹೊರಟವನು ಬಿಸಿಲನ್ನು ನೋಡುತ್ತ ಕುಳಿತುಬಿಡುತ್ತಿದ್ದೆ. ಬೆಳಗ್ಗೆ ಕೆಳಗಿನ ಕೋಣೆಯಲ್ಲಿ ಉದ್ದನೆಯ ಬ್ರೆಡ್ಡಿನ ತುಂಡು, ಬೆಣ್ಣೆ, ಹಣ್ಣಿನ ಪಾಕ, ಮತ್ತು ಬಟ್ಟಲಿನ ತುಂಬ ಹಾಲು ಬೆರೆತ ಕಾಫಿ. ಆ ಕಾಫಿ ನಮ್ಮ ಕಾಫಿಯಲ್ಲ. ಆದರೆ ಎರಡು ಕೈಯಲ್ಲೂ ಬಟ್ಟಲನ್ನು ಹಿಡಿದು ಕುಡಿಯುವ ರೀತಿಯಲ್ಲಿ ಏನೋ ಮನೆತನವಿತ್ತು.

ಸಾಹಿತ್ಯಪ್ರಿಯರಿಗೆ ಆ ಕೇರಿಯ ಬಡ ಹೋಟೆಲುಗಳು ಒಂದು ಬಗೆಯ ಪುಣ್ಯಕ್ಷೇತ್ರ. ಅಲ್ಲಿಂದ ಕೂಗಳತೆಯ ದೂರದ ಕ್ಯೂಜಾ ಬೀದಿಯಲ್ಲಿ, ಆಗ ಫ್ಲಾಂದ್ರ್ ಎಂಬ ಹೆಸರಿದ್ದ ಹೋಟೆಲಿನಲ್ಲಿ, ೧೯೫೬ರಲ್ಲಿ ಕೊಲಂಬಿಯಾ ದೇಶದ ಒಬ್ಬ ಯುವಕ ವಾಸವಾಗಿದ್ದ. ಅವನನ್ನು ವರದಿಗಾರನಾಗಿ ಕಳಿಸಿದ್ದ ಪತ್ರಿಕೆಯನ್ನು ಆ ದೇಶದ ಸರ್ವಾಧಿಕಾರ ಮುಚ್ಚಿಸಿತ್ತು, ಸಂಬಳ ನಿಂತಿತ್ತು. ತಿಂಗಳುಗಟ್ಟಲೆ ಬಾಡಿಗೆ ಸಲ್ಲದಿದ್ದರೂ ಒಡತಿ ಅವನನ್ನು ಹೊರಹಾಕಲಿಲ್ಲ. ಮೇಲಿನ ಅಟ್ಟದ ಕೋಣೆಗೆ ಏರಿಸಿದಳು, ಅಷ್ಟೆ. ಬಾರದ ಪಿಂಚಣಿಯ ಕಾಗದಕ್ಕಾಗಿ ಕಾದು ಕುಳಿತ ಮುದಿ ಸೇನಾನಿಯೊಬ್ಬನ ಕಥೆಯನ್ನು, ತಾನೂ ಬಾರದ ಹಣಕ್ಕಾಗಿ ಕಾಯುತ್ತ, ಆ ಅಟ್ಟದಲ್ಲಿ ಅವನು ಬರೆದ. ೧೯೮೨ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಆ ಯುವಕ. ಇನ್ನೂ ಸ್ವಲ್ಪ ದೂರದಲ್ಲಿ, ಬೋಜಾರ್ ಬೀದಿಯ ಅಲ್ಸಾಸ್ ಎಂಬ ಹೋಟೆಲಿನಲ್ಲಿ, ೧೯೦೦ರ ನವೆಂಬರ್ ೩೦ರಂದು ಆಸ್ಕರ್ ವೈಲ್ಡ್ ಲೆಕ್ಕ ತೀರಿಸದೆಯೇ ಕಣ್ಣುಮುಚ್ಚಿದ. ಅವನ ಶವಸಂಸ್ಕಾರಕ್ಕೆ ಬಂದ ಕಾಣಿಕೆಗಳಲ್ಲಿ ಹೋಟೆಲಿನ ಯಜಮಾನನದೂ ಒಂದು ಮಣಿಹಾರವಿತ್ತು; ಅದರ ಮೇಲೆ ‘ನನ್ನ ಬಾಡಿಗೆದಾರನಿಗೆ’ ಎಂದು ಬರೆಸಿದ್ದ. ಇಂದು ಅದೇ ಕಟ್ಟಡ ನನ್ನಂತಹವರು ಬಾಗಿಲಲ್ಲೂ ನಿಲ್ಲಲಾರದ ವಿಲಾಸದ ಹೋಟೆಲಾಗಿದೆ.

ಇವೆಲ್ಲ ಔದಾರ್ಯದ ಕಥೆಗಳು. ಆದರೆ ನನ್ನ ಕೈಯಲ್ಲಿ ಆಗ ಇದ್ದುದು ಇನ್ನೊಂದು ಪುಸ್ತಕ. ಜಾರ್ಜ್ ಆರ್ವೆಲ್ ೧೯೨೮ ಮತ್ತು ೧೯೨೯ರಲ್ಲಿ ಅದೇ ಕೇರಿಯ ಪೋ ದ ಫೇರ್ ಬೀದಿಯಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿದ್ದ. ಆ ಅನುಭವಗಳನ್ನಾಧರಿಸಿ ಬರೆದ ಅವನ ಮೊದಲ ಪುಸ್ತಕ ೧೯೩೩ರಲ್ಲಿ ಹೊರಬಂತು. ಅದರಲ್ಲಿ ಒಬ್ಬ ಬಾಡಿಗೆದಾರ ಕಳ್ಳಕೀಲಿಗಳನ್ನು ಮಾಡಿಸಿಕೊಂಡು ಒಂದೇ ರಾತ್ರಿ ಹನ್ನೆರಡು ಕೋಣೆಗಳನ್ನು ದೋಚಿಹೋಗುತ್ತಾನೆ. ಆ ಭಾಗವನ್ನು ನಾನು ಓದಿದ್ದು ಜೂನ್ ೨೫ರ ರಾತ್ರಿ.

ಆ ವಾರ ಫ್ರಾನ್ಸಿಗೆಲ್ಲ ಬಿಸಿಲಿನ ಹೊಡೆತ ಬಿದ್ದಿತ್ತು. ೨೮ರಂದು ದಕ್ಷಿಣದ ಒಂದು ಹಳ್ಳಿಯಲ್ಲಿ ೪೬ ಡಿಗ್ರಿ ದಾಖಲಾಯಿತು. ಆ ದೇಶ ಅಂತಹ ಬಿಸಿಲನ್ನು ಹಿಂದೆಂದೂ ಅಳೆದಿರಲಿಲ್ಲ. ಸತುವಿನ ಮಾಡಿನ ಕೆಳಗಿನ ನನ್ನ ಕೋಣೆ ಹಂಚಿನಂತೆ ಕಾಯುತ್ತಿತ್ತು. ೨೬ರ ಹಗಲೆಲ್ಲ ನದಿಯ ದಂಡೆಯ ಮರಗಳ ನೆರಳಿನಲ್ಲಿ ಕಳೆದೆ; ಏಪ್ರಿಲ್ ೧೫ರ ಬೆಂಕಿಯಲ್ಲಿ ಮಾಡನ್ನು ಕಳೆದುಕೊಂಡು ನಿಂತಿದ್ದ ನೋತ್ರ್ ದಾಮ್ ದೇವಾಲಯವನ್ನು ನೋಡುತ್ತ ಕುಳಿತೆ. ಸಂಜೆ ಎಂಟರ ಹೊತ್ತಿಗೆ ಕೋಣೆಗೆ ಮರಳಿ ಲೆಕ್ಕ ನೋಡಿಕೊಳ್ಳಲೆಂದು ಪೆಟ್ಟಿಗೆ ತೆರೆದರೆ, ಕೊನೆಯ ದಿನದ ಬಾಡಿಗೆಗಾಗಿ ಎತ್ತಿಟ್ಟಿದ್ದ ನಾಲ್ಕುನೂರು ಯೂರೋಗಳ ಲಕೋಟೆಯಿಲ್ಲ. ಬ್ಯಾಂಕಿನ ಕಾರ್ಡು ಇದ್ದಿತು, ನಿಜ. ಆದರೆ ನಮ್ಮ ಪೀಳಿಗೆಯವರಿಗೆ ಕೈಯಲ್ಲಿ ನಗದಿದ್ದರೆ ಮಾತ್ರವೇ ಧೈರ್ಯ. ಪೆಟ್ಟಿಗೆಯನ್ನೆಲ್ಲ ಬುಡಮೇಲು ಮಾಡಿ ಕೆಳಗಿಳಿದೆ.

ಕೆಳಗೆ ಒಡತಿ ಮನೆಗೆ ಹೊರಡುವವಳಿದ್ದಳು. ರಾತ್ರಿಯ ಕಾವಲಿನ ಮನುಷ್ಯ ಆಗತಾನೆ ಬಂದು ಮೇಜಿನ ಹಿಂದೆ ಕುಳಿತಿದ್ದ. ಐವತ್ತೈದರ ಆಸುಪಾಸಿನ ಆತ ಯಾಳ್ಪಾಣದ ತಮಿಳ. ೧೯೮೩ರ ಗಲಭೆಗಳ ಬಳಿಕ ಸಿಂಹಳದಿಂದ ಹೊರಬಿದ್ದು ಆ ನಗರಕ್ಕೆ ಬಂದು ಸೇರಿದ ಸಾವಿರಾರು ಮಂದಿಯಲ್ಲಿ ಅವನೂ ಒಬ್ಬ. ಬೆಂಗಳೂರಿನಲ್ಲಿ ಬಾಲ್ಯ ಕಳೆದ ನನಗೆ ನೆರೆಮನೆಯವರಿಂದ ಬಂದ ಅರೆಬರೆ ತಮಿಳು ಗೊತ್ತು. ಆ ಒಂದು ವಾರ ಪ್ರತಿ ರಾತ್ರಿ ಅವನೊಡನೆ ನಾಲ್ಕು ಮಾತಾಡಿಯೇ ನಾನು ಮೆಟ್ಟಿಲೇರುತ್ತಿದ್ದೆ. ಅವನು ನನ್ನನ್ನು ‘ಐಯಾ’ ಎನ್ನುತ್ತಿದ್ದ. ಆದರೆ ಆ ಸಂಜೆ ನಾನು ಅವನ ಕಡೆ ನೋಡಲಿಲ್ಲ. ಒಡತಿಗೆ ಹಣ ಕಳೆದ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳಿ, “ನನ್ನ ಕೋಣೆಯ ಎರಡನೆಯ ಕೀಲಿ ಯಾರ ಬಳಿ ಇರುತ್ತದೆ?” ಎಂದು ಕೇಳಿದೆ.

ಯಾರನ್ನೂ ಕಳ್ಳನೆಂದು ಕರೆಯಲಿಲ್ಲ. ಬರಿಯ ಪ್ರಶ್ನೆಯನ್ನು ಮಾತ್ರವೇ ಕೇಳಿದೆ. ಒಡತಿಯ ಕಣ್ಣು ಅವಳಿಗರಿಯದಂತೆಯೇ ಅವನತ್ತ ಹೊರಳಿತು. ಅವನು ಸೊಂಟದ ಕೀಲಿಗೊಂಚಲನ್ನು ಬಿಚ್ಚಿ ಮೇಜಿನ ಮೇಲಿಟ್ಟು, “ರಾತ್ರಿಯ ಹೊತ್ತು ಎಲ್ಲವೂ ನನ್ನ ಬಳಿ, ಐಯಾ” ಎಂದ. ಬೆಳಗಾಗಲಿ, ಬೇಕಾದರೆ ಪೊಲೀಸಿನವರಿಗೆ ಹೇಳೋಣವೆಂದಳು ಒಡತಿ. ಅವನು ನನ್ನೊಡನೆ ಐದು ಅಂತಸ್ತು ಏರಿ ಬಂದ. ಹಾಸಿಗೆಯೆತ್ತಿ ನೋಡಿದ, ಮಂಚದಡಿ ನುಸುಳಿ ತಡಕಿದ, ಮೇಜನ್ನು ಸರಿಸಿದ. ಬಟ್ಟೆಯ ಬೀರುವಿನ ಮುಂದೆ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡು, “ಇದನ್ನು ನೀವೇ ನೋಡಬೇಕು” ಎಂದ. ನಾನು ಅಂಗಿಗಳ ಮಡಿಕೆಗಳನ್ನೆಲ್ಲ ಕೊಡವಿದೆ. ಏನೂ ಸಿಗಲಿಲ್ಲ.

ನಿದ್ರೆ ಬರಲಿಲ್ಲ. ಬೆಳಗಿನ ಜಾವ ಮೂರಕ್ಕೆ, ಮೈಸೂರಿನಲ್ಲಿ ಆರೂವರೆಯಾಗಿ ಕಾಫಿಗೆ ನೀರಿಟ್ಟಿರುತ್ತಾರೆಂದು ಎಣಿಸಿ, ಮನೆಗೆ ಫೋನು ಮಾಡಿದೆ. ನಡೆದುದನ್ನೆಲ್ಲ ಕೇಳಿ ನನ್ನ ಮನೆಯಾಕೆ ಒಂದೇ ಮಾತು ಕೇಳಿದಳು: “ಕೋಟಿನ ಒಳಜೇಬು ನೋಡಿದಿರಾ?”

ಬೀರುವಿನ ಮೂಲೆಯಲ್ಲಿ, ಆ ಬಿಸಿಲಿನಲ್ಲಿ ಯಾರಿಗೂ ಬೇಡವಾದ ಉಣ್ಣೆಯ ಕೋಟು ತೂಗುತ್ತಿತ್ತು. ಬಂದ ರಾತ್ರಿಯೇ, ಪೆಟ್ಟಿಗೆ ಭದ್ರವಲ್ಲವೆಂದು, ನನ್ನ ಕೈಯಾರೆ ಲಕೋಟೆಯನ್ನು ಆ ಜೇಬಿಗಿಳಿಸಿ ಗುಂಡಿ ಹಾಕಿದ್ದೆ. ಅದು ಅಲ್ಲಿಯೇ ಬೆಚ್ಚಗಿತ್ತು.

ಬೆಳಗ್ಗೆ ಹೇಳಿದರಾಯಿತು ಎಂದಿತು ಮನಸ್ಸು. ಬೆಳಗ್ಗೆ ಏಳಕ್ಕೆ ಅವನ ಪಾಳಿ ಮುಗಿದಿರುತ್ತದೆ. ಒಡತಿಗೆ ಹೇಳಿದರೆ ಅವಳು ಅವನಿಗೆ ಹೇಳುತ್ತಾಳೆ. ನಾನು ಅವನ ಮುಖ ನೋಡಬೇಕಾಗಿಲ್ಲ. ಈ ಉಪಾಯ ಬಲು ಹಿತವಾಗಿ ಕಂಡಿತು. ಹಿತವಾಗಿ ಕಂಡದ್ದೇ ನನಗೆ ಅಸಹ್ಯವಾಯಿತು. ಬಾಗಿಲು ತೆರೆದು, ಗುಂಡಿಯೊತ್ತಿ, ಇಳಿಯತೊಡಗಿದೆ. ಎರಡನೆಯ ಅಂತಸ್ತಿನ ಹತ್ತಿರ ದೀಪಗಳು ಆರಿದವು. ಕತ್ತಲಲ್ಲಿ ಕಟಕಟೆಯನ್ನು ಹಿಡಿದು ನಿಂತಿರುವಾಗ ಹೆಜ್ಜೆಯ ಸದ್ದು ಕೇಳಿದ ಅವನೇ ಕೆಳಗಿನಿಂದ ಗುಂಡಿಯೊತ್ತಿ ಬೆಳಕು ಮಾಡಿದ.

ಲಕೋಟೆಯನ್ನು ತೋರಿಸಿ, ಎಲ್ಲಿತ್ತೆಂದು ಹೇಳಿ, ನನ್ನ ಅರೆಬರೆ ತಮಿಳಿನಲ್ಲಿ ಕ್ಷಮೆ ಕೇಳಿದೆ. ಅವನು “ಸಿಕ್ಕಿತಲ್ಲ, ಒಳ್ಳೆಯದು” ಎಂದು ಕುರ್ಚಿಯನ್ನು ಎಳೆದುಕೊಟ್ಟ. ಹಾಲಿಲ್ಲದ ಚಹಾ ಮಾಡಿ ತಂದ. ಬಹಳ ಹೊತ್ತಿನ ಮೇಲೆ ಹೇಳಿದ: “ಹದಿನೇಳು ವರ್ಷದಿಂದ ಈ ಮೇಜಿನ ಹಿಂದೆ ಕೂತಿದ್ದೇನೆ, ಐಯಾ. ಏನೇ ಕಳೆದರೂ ಎಲ್ಲರೂ ಕೇಳುವುದು ಎರಡನೆಯ ಕೀಲಿಯನ್ನೇ. ಅದು ತಪ್ಪಲ್ಲ, ಕೇಳಬೇಕಾದದ್ದೇ. ಆದರೆ ಆಮೇಲೆ ಅವರು ಲೆಕ್ಕ ತೀರಿಸಿ ಊರಿಗೆ ಹೋಗಿಬಿಡುತ್ತಾರೆ. ಕಳೆದದ್ದು ಸಿಕ್ಕಿತೋ ಇಲ್ಲವೋ, ಯಾರೂ ನನಗೆ ಹೇಳುವುದಿಲ್ಲ.”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಪ್ಪುಹಲಗೆಯ ಮೇಲೆ ಮೂವತ್ತು ಸಲ ಬರೆದು ಗೆರೆಯೆಳೆದ ಮೂರನೆಯ ಪದ ನೆನಪಾಯಿತು. ಆ ದೇಶದ ಶಾಲೆಗಳ, ಪುರಭವನಗಳ ನೆತ್ತಿಯ ಮೇಲೆಲ್ಲ ಅದನ್ನು ಕೆತ್ತಿದ್ದಾರೆ. ಕೆತ್ತುವುದು ಸುಲಭ, ಕಲಿಸುವುದೂ ಸುಲಭವೇ. ಆರ್ವೆಲ್ಲನ ಪುಸ್ತಕ ನನ್ನ ಸಂಶಯವನ್ನು ಬಡಿದೆಬ್ಬಿಸಿತೆಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಬಾಡಿಗೆ ಕೊಡಲಾರದವನನ್ನು ಅಟ್ಟಕ್ಕೇರಿಸಿ ಕಾಪಾಡಿದವಳ ಕಥೆಯೂ ನನಗೆ ಗೊತ್ತಿತ್ತು. ಹಣ ಕಾಣದೆ ಹೋದ ಗಳಿಗೆಯಲ್ಲಿ ನೆನಪಾದದ್ದು ಕಳ್ಳಕೀಲಿಯ ಕಥೆಯೊಂದೇ. ಆ ಆಯ್ಕೆ ಪುಸ್ತಕದ್ದಲ್ಲ, ನನ್ನದು.

ಬೆಳಗ್ಗೆ ಏಳಕ್ಕೆ ಒಡತಿ ಬಂದಾಗ ಅವನ ಎದುರಿಗೇ ಅವಳಿಗೂ ಎಲ್ಲವನ್ನೂ ಹೇಳಿದೆ. ಮೊದಲು “ಬೋಂಜೂರ್, ಮದಾಮ್” ಎನ್ನುವುದನ್ನು ಮರೆಯಲಿಲ್ಲ. ಅವಳು ಮಾತಾಡದೆ ಅವನ ಭುಜವನ್ನೊಮ್ಮೆ ತಟ್ಟಿ ಬ್ರೆಡ್ಡು ಕುಯ್ಯಲು ಒಳಗೆ ಹೋದಳು.

೩೦ನೆಯ ತಾರೀಖು ಭಾನುವಾರ, ನಾನು ಹೊರಡುವ ದಿನ. ಅಂದು ಬೆಳಗ್ಗೆ ಅವನು ನನ್ನನ್ನು ಊರಿನ ಉತ್ತರದಲ್ಲಿರುವ ಲಾ ಶಾಪೆಲ್ ಕೇರಿಗೆ ಕರೆದೊಯ್ದ. ಅಲ್ಲಿ ತಮಿಳರು ೧೯೮೫ರಲ್ಲಿ ಸ್ಥಾಪಿಸಿದ ಮಾಣಿಕ್ಕ ವಿನಾಯಕರ ಗುಡಿಯಿದೆ. ವರ್ಷಕ್ಕೊಮ್ಮೆ, ಬೇಸಗೆಯ ಕೊನೆಗೆ, ಗಣಪತಿಯ ತೇರು ಪ್ಯಾರಿಸ್ಸಿನ ಬೀದಿಗಳಲ್ಲಿ ಹೊರಡುತ್ತದೆ. ಬೀದಿಯಲ್ಲಿ ರಾಶಿರಾಶಿ ತೆಂಗಿನಕಾಯಿ ಒಡೆಯುತ್ತಾರೆ. ನಾವಿಬ್ಬರೂ ಒಂದೊಂದು ಕಾಯಿ ಒಡೆಸಿ ಹೊರಬಂದೆವು. ಅವನ ಟಿಕೇಟಿನ ಹಣವನ್ನು ನಾನು ಕೊಡಹೋದರೆ ಅವನು ಬಿಡಲಿಲ್ಲ. ನನ್ನದನ್ನೂ ಅವನೇ ಕೊಟ್ಟ.

ಊರಿಗೆ ಬಂದ ಮೇಲೆ, ಚಳಿಗಾಲಕ್ಕೆ ಕೋಟನ್ನು ಬಿಸಿಲಿಗೆ ಹಾಕುತ್ತ, “ಈ ಜೇಬನ್ನು ಬಿಚ್ಚಿಬಿಡಲೆ? ಇನ್ನೇಕೆ?” ಎಂದು ನನ್ನ ಮನೆಯಾಕೆ ಕೇಳಿದಳು.

ಇರಲಿ ಎಂದೆ.