ಮಗುವಿನ ಹೃದಯದ ತೂತಿಗೆ ಗ್ರಹಣ ಕಾರಣವಲ್ಲ

ಹುಟ್ಟಿದ ಮಗುವಿನ ಹೃದಯದಲ್ಲಿ ತೂತಿದೆ ಎಂದು ವೈದ್ಯರು ಹೇಳಿದ್ದೇ ತಡ, ಬಸುರಿ ಗ್ರಹಣದಲ್ಲಿ ಹೊರಗೆ ಬಂದಿದ್ದಳೇ, ಈಳಿಗೆ ಮುಟ್ಟಿದ್ದಳೇ ಎಂಬ ವಿಚಾರಣೆ ಶುರುವಾಗುತ್ತದೆ. ಇದರಲ್ಲಿ ತಾಯಿ ಗೆಲ್ಲುವಂತೆಯೇ ಇಲ್ಲ. ಭೂಮಿಯ ಮೇಲೆ ವರ್ಷಕ್ಕೆ ಕನಿಷ್ಠ 4 ಗ್ರಹಣಗಳಾಗುತ್ತವೆ. ಗ್ರಹಣದ ಕಾಲ ಸುಮಾರು 173 ದಿನಗಳಿಗೊಮ್ಮೆ ಮರಳುತ್ತದೆ. ಒಂಬತ್ತು ತಿಂಗಳ ಯಾವ ಬಸಿರೂ ಅದನ್ನು ದಾಟದೆ ಮುಗಿಯದು. ಆರೋಗ್ಯವಂತ ಮಗುವಿನ ತಾಯಿಯೂ ದಾಟಿರುತ್ತಾಳೆ, ಆದರೆ ಅವಳನ್ನು ಯಾರೂ ಕೇಳುವುದಿಲ್ಲ. ಸಾವಿರಕ್ಕೆ ಸುಮಾರು 8-9 ಮಕ್ಕಳು ಹೃದಯದೋಷದೊಂದಿಗೆ ಹುಟ್ಟುತ್ತವೆ, ಗ್ರಹಣಕ್ಕೆ ಹೆದರದ ದೇಶಗಳಲ್ಲೂ.

ಇನ್ನು ಕಾಲದ ಲೆಕ್ಕ ನೋಡಿ. ಗರ್ಭ ನಿಂತ ಮೂರನೆಯ ವಾರದ ಕೊನೆಗೆ ಹೃದಯ ಮಿಡಿಯತೊಡಗುತ್ತದೆ, ಎಂಟನೆಯ ವಾರದ ಹೊತ್ತಿಗೆ ಅದರ ಕೋಣೆಗಳ ನಡುವಿನ ಗೋಡೆಗಳು ಬಹುಮಟ್ಟಿಗೆ ಎದ್ದಿರುತ್ತವೆ. ನಾವು ತೂತು ಎನ್ನುವುದು ಯಾರೋ ಕೊರೆದದ್ದಲ್ಲ, ಗೋಡೆ ಪೂರ್ತಿಯಾಗದೆ ಉಳಿದ ಜಾಗ. ಸೀಮಂತದ ಹೊತ್ತಿನ ಗ್ರಹಣ ಅದನ್ನು ಮಾಡಲಾರದು. ಹಾಗಾದರೆ ಕಾರಣವೇನು ಎಂದು ಕೇಳುವುದು ನ್ಯಾಯವೇ. ಹೆಚ್ಚಿನ ಮಕ್ಕಳಲ್ಲಿ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗುವುದಿಲ್ಲ. ಆ ಖಾಲಿ ಜಾಗಕ್ಕೆ ರಾಹುಕೇತುಗಳನ್ನು ತಂದು ಕೂರಿಸುವುದು ಉತ್ತರವಲ್ಲ. ಅಪಾಯ ಹೆಚ್ಚಿಸುವ ಸಂಗತಿಗಳು ಮಾತ್ರ ಗೊತ್ತಿವೆ: ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೊದಲ ತಿಂಗಳುಗಳ ರುಬೆಲ್ಲಾ, ಮೂರ್ಛೆರೋಗದ ಕೆಲವು ಮಾತ್ರೆಗಳು, ಡೌನ್ ಸಿಂಡ್ರೋಮ್, ಜೊತೆಗೆ ನಮ್ಮಲ್ಲಿ ಇಂದಿಗೂ ನಡೆಯುವ ಸೋದರಮಾವ-ಅಕ್ಕನ ಮಗಳ ಮದುವೆ. ಈ ಕೊನೆಯದನ್ನು ಹೇಳಿದರೆ ಮನೆಯವರು ಮುನಿಯುತ್ತಾರೆ. ಸೊಸೆಯನ್ನು ದೂರುವುದು ಸುಲಭ.

ಹಿರಿಯರು ಹೇಳಿದ ಎಚ್ಚರಿಕೆ ಪಾಲಿಸಿದರೆ ನಷ್ಟವೇನು ಎನ್ನುವವರಿದ್ದಾರೆ. ನಷ್ಟವಿದೆ. ಬಸುರಿ ಗಂಟೆಗಟ್ಟಲೆ ನೀರೂ ಕುಡಿಯದೆ ಕೂರುತ್ತಾಳೆ, ಮುಂದೆ ಮಗುವಿಗೇನಾದರೂ ಆದರೆ ತಪ್ಪಿತಸ್ಥೆಯಾಗಿ ಬದುಕುತ್ತಾಳೆ. ಶಾಂತಿ ಮಾಡಿಸುವುದರಲ್ಲಿ ಮಗುವಿನ ಅಮೂಲ್ಯ ದಿನಗಳು ಕಳೆಯುತ್ತವೆ. ರುಬೆಲ್ಲಾ ಲಸಿಕೆಗೆ ಅನುಮಾನಪಡುವ ಮನೆಯೇ ಗ್ರಹಣಕ್ಕೆ ದರ್ಭೆಯನ್ನು ಮರೆಯದೆ ಇಡುತ್ತದೆ. ಪ್ರಶ್ನೆ ಕೇಳದೆ ನಂಬುವ ಅಭ್ಯಾಸ ಗ್ರಹಣಕ್ಕೇ ನಿಲ್ಲುವುದಿಲ್ಲ.

ಎಲ್ಲ ತೂತುಗಳೂ ಮಗು ಬೆಳೆದಂತೆ ಮುಚ್ಚಿಕೊಳ್ಳುತ್ತವೆ ಎಂಬುದೂ ಸುಳ್ಳು. ಚಿಕ್ಕವು ಅನೇಕ ಮುಚ್ಚುತ್ತವೆ, ದೊಡ್ಡವಕ್ಕೆ ಚಿಕಿತ್ಸೆ ಬೇಕು. ಮಗು ಕೆಂಪಗಿದೆ, ಜೋರಾಗಿ ಅಳುತ್ತಿದೆ, ಹಾಗಾಗಿ ಹೃದಯ ಸರಿಯಿದೆ ಎನ್ನುವ ಧೈರ್ಯ ಇನ್ನೂ ಅಪಾಯಕಾರಿ. ಕೆಲವು ಗಂಭೀರ ದೋಷಗಳಲ್ಲಿ ಗರ್ಭಕಾಲದ ಒಂದು ರಕ್ತನಾಳ ತೆರೆದಿರುವಷ್ಟು ಹೊತ್ತು ಮಾತ್ರ ಮಗು ಚೆನ್ನಾಗಿರುತ್ತದೆ. ಕೆಲವೇ ದಿನಗಳಲ್ಲಿ ಆ ನಾಳ ಮುಚ್ಚಿದಾಗ ಮಗು ಕುಸಿಯುತ್ತದೆ. ಹುಟ್ಟಿ 24 ಗಂಟೆಯ ನಂತರ ಬಲಗೈಗೂ ಒಂದು ಕಾಲಿಗೂ ಪಲ್ಸ್ ಆಕ್ಸಿಮೀಟರ್ ಹಚ್ಚಿ ನೋಡಿದರೆ ಇಂಥವುಗಳಲ್ಲಿ ಬಹಳಷ್ಟನ್ನು ಮೊದಲೇ ಹಿಡಿಯಬಹುದು. ನೋವಿಲ್ಲ, ಕೆಲವೇ ನಿಮಿಷ ಸಾಕು. ಆಸ್ಪತ್ರೆಯಿಂದ ಹೊರಡುವ ಮುನ್ನ ಈ ಪರೀಕ್ಷೆ ಆಯಿತೇ ಎಂದು ಕೇಳಿ. ಮೊಲೆ ಕುಡಿಯುವಾಗ ಮಗು ಬೆವರಿದರೆ, ಏದುಸಿರು ಬಿಟ್ಟರೆ, ತುಟಿ-ನಾಲಿಗೆ ನೀಲಿಯಾದರೆ ತಕ್ಷಣವೇ ವೈದ್ಯರಿಗೆ ತೋರಿಸಿ.