ಸರದಿಗಾಗಿ ಕಾಯುವ ದಿನಗಳು: ಹೃದಯ ಕವಾಟದ ಶಸ್ತ್ರಚಿಕಿತ್ಸೆ ಮತ್ತು ಬಾಳಸಂಗಾತಿ

ಕಾಯುವುದು ಮುಂಬಯಿ ನಿವಾಸಿಗಳಿಗೆ ಹೊಸದಲ್ಲ. ನೀರಿಗೆ, ರೇಷನ್ನಿಗೆ, ಬಸ್ಸಿಗೆ, ಲೋಕಲ್ ಗಾಡಿಗೆ ಸಾಲುಗಟ್ಟಿ ನಿಂತು ಇಲ್ಲಿಯ ಕನ್ನಡಿಗರು ತಾಳ್ಮೆಯನ್ನು ಬಾಳಿನ ಒಂದು ಅಂಗವಾಗಿ ರೂಢಿಸಿಕೊಂಡಿದ್ದಾರೆ. ಆದರೆ ಮನೆಯಲ್ಲಿ ಪತಿಗೋ ಪತ್ನಿಗೋ ಹೃದಯದ ಕವಾಟ ಕೆಟ್ಟಿದೆ, ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದು ತಿಳಿಸಿದ ವೈದ್ಯರು ಸರದಿ ಬರುವ ತನಕ ಮನೆಯಲ್ಲಿರಿ ಎಂದು ಕಳುಹಿಸಿದಾಗ ಆರಂಭವಾಗುವ ಕಾಯುವಿಕೆ ಬೇರೆಯೇ ಬಗೆಯದು. ಅದು ಕೆಲವು ವಾರಗಳದ್ದಾಗಬಹುದು, ಕೆಲವು ತಿಂಗಳುಗಳದ್ದೂ ಆಗಬಹುದು. ರೋಗಿ ಆಸ್ಪತ್ರೆಯಲ್ಲಿಲ್ಲ, ಹಾಗೆಂದು ನಿರೋಗಿಯೂ ಅಲ್ಲ. ಈ ಅವಧಿಯಲ್ಲಿ ಅವರ ಬಳಿ ಹಗಲಿರುಳೂ ಇರುವವರು ವೈದ್ಯರಲ್ಲ, ದಾದಿಯರಲ್ಲ, ಬಾಳಸಂಗಾತಿ.

ತಾಳಿದವನು ಬಾಳಿಯಾನು ಎಂಬುದು ಹಿರಿಯರ ಮಾತು. ಆದರೆ ಇಲ್ಲಿ ತಾಳ್ಮೆ ಎಂದರೆ ಕೈಕಟ್ಟಿ ಕುಳಿತಿರುವುದಲ್ಲ. ಕಣ್ಣು ತೆರೆದು ಕಾಯುವುದೇ ಇಲ್ಲಿಯ ತಾಳ್ಮೆ.

ಕವಾಟದ ಕೆಲಸ, ಕವಾಟದ ಕೇಡು

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತವು ಮುಂದಕ್ಕೆ ಹರಿಯುವಾಗ ತೆರೆದುಕೊಂಡು, ಹಿಂದಕ್ಕೆ ಮರಳದಂತೆ ಮುಚ್ಚಿಕೊಳ್ಳುವುದು ಅವುಗಳ ಕೆಲಸ. ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ಈ ಕದಗಳು ತೆರೆದು ಮುಚ್ಚುತ್ತವೆ. ಕದ ಪೂರ್ಣವಾಗಿ ತೆರೆಯದಿದ್ದರೆ ಅದು ಸಂಕೋಚನ. ಸರಿಯಾಗಿ ಮುಚ್ಚದಿದ್ದರೆ ಅದು ಸೋರಿಕೆ. ಎರಡರಲ್ಲಿಯೂ ಹೃದಯಕ್ಕೆ ದುಡಿಮೆ ಹೆಚ್ಚುತ್ತದೆ. ಕ್ರಮೇಣ ಶ್ವಾಸಕೋಶಗಳಲ್ಲಿಯೂ ಕಾಲುಗಳಲ್ಲಿಯೂ ನೀರು ನಿಲ್ಲತೊಡಗುತ್ತದೆ.

ಭಾರತದಲ್ಲಿ ಈ ರೋಗಕ್ಕೆ ಬಹುಕಾಲದಿಂದ ಮುಖ್ಯ ಕಾರಣವಾಗಿರುವುದು ಸಂಧಿವಾತ ಜ್ವರ. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ಬೇನೆ ಬಂದು, ತಕ್ಕ ಚಿಕಿತ್ಸೆ ದೊರೆಯದೆ ಹೋದಾಗ ಕೆಲವರಲ್ಲಿ ಈ ಜ್ವರ ಕಾಣಿಸಿಕೊಂಡು, ಕೀಲುಗಳ ನೋವು ಮಾಯವಾದ ಮೇಲೂ ಹೃದಯದ ಕವಾಟದಲ್ಲಿ ಗಾಯದ ಗುರುತನ್ನು ಉಳಿಸುತ್ತದೆ. ಅದರ ಫಲ ಇಪ್ಪತ್ತು, ಮೂವತ್ತು ವರ್ಷಗಳ ಅನಂತರ ಕಂಡುಬರುವುದುಂಟು. ವೃದ್ಧಾಪ್ಯದಲ್ಲಿ ಕವಾಟಕ್ಕೆ ಸುಣ್ಣದಂಶ ಕೂಡಿಕೊಂಡು ಅದು ಗಡುಸಾಗುವುದು ಇನ್ನೊಂದು ಕಾರಣ.

ಔಷಧಗಳು ಹೃದಯದ ಹೊರೆಯನ್ನು ತಗ್ಗಿಸುತ್ತವೆ. ಆದರೆ ಅಂಟಿಕೊಂಡ ಕದವನ್ನು ತೆರೆಯಲಾರವು. ಅದಕ್ಕೆ ಬೇರೆ ಉಪಾಯಗಳು ಬೇಕು. ತಕ್ಕ ರೋಗಿಗಳಲ್ಲಿ ದ್ವಿದಳ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ವಿಧಾನವನ್ನು ಜಪಾನಿನ ಡಾ. ಕಾಂಜಿ ಇನೋಯೆ 1982ರಲ್ಲಿ ಆರಂಭಿಸಿದರು. ಕೆಲವು ಕವಾಟಗಳನ್ನು ದುರಸ್ತಿ ಮಾಡಲು ಸಾಧ್ಯ. ಉಳಿದವನ್ನು ಬದಲಾಯಿಸಬೇಕಾಗುತ್ತದೆ. 1960ರಲ್ಲಿ ಅಮೆರಿಕದ ಡಾ. ಆಲ್ಬರ್ಟ್ ಸ್ಟಾರ್ ಮತ್ತು ಇಂಜಿನಿಯರ್ ಲೊವೆಲ್ ಎಡ್ವರ್ಡ್ಸ್ ರೂಪಿಸಿದ, ಪಂಜರದೊಳಗೆ ಚೆಂಡಿಟ್ಟಂತಹ ಕವಾಟ ಈ ಮಾರ್ಗವನ್ನು ತೆರೆಯಿತು. ಎದೆಯನ್ನು ತೆರೆಯದೆಯೇ ರಕ್ತನಾಳದ ಮೂಲಕ ಕವಾಟವನ್ನು ಕೂರಿಸುವ ಕ್ರಮವನ್ನು 2002ರಲ್ಲಿ ಫ್ರಾನ್ಸಿನ ಡಾ. ಅಲೇನ್ ಕ್ರಿಬಿಯೇ ಸಾಧಿಸಿ ತೋರಿಸಿದರು.

ಈ ದೇಶದ ಕವಾಟವೊಂದರ ಕಥೆ ಕಾಯುತ್ತಿರುವ ದಂಪತಿಗಳು ತಿಳಿದಿರಬೇಕಾದದ್ದು. ಹೊರದೇಶದ ಕವಾಟಗಳ ಬೆಲೆ ಸಾಮಾನ್ಯರ ಕೈಗೆಟುಕದಿದ್ದ ಕಾಲದಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ಸಂಗಡಿಗರು ಸ್ವದೇಶಿ ಕವಾಟದ ಪ್ರಯತ್ನಕ್ಕೆ ತೊಡಗಿದರು. ಮೊದಲ ಮೂರು ಮಾದರಿಗಳು ಪರೀಕ್ಷೆಗಳಲ್ಲಿ ಸೋತವು. ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರ ಹೃದಯದಲ್ಲಿ ಕೂರಿಸಲಾಯಿತು. ಅಲ್ಲಿಂದೀಚೆಗೆ ಚಿತ್ರಾ ಕವಾಟವು 1 ಲಕ್ಷಕ್ಕೂ ಮಿಕ್ಕಿದ ರೋಗಿಗಳಿಗೆ ದೊರೆತಿದೆ. ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ಕನ್ನಡನಾಡಿಗೂ ಆಪ್ತರಾದ ಡಾ. ವಲಿಯತ್ತಾನರು 2024ರಲ್ಲಿ ತೀರಿಕೊಂಡರು.

ಕಾಯಿಸುವುದೇಕೆ?

ರೋಗ ಇಷ್ಟು ಗಂಭೀರವಾಗಿರುವಾಗ ನಾಳೆಯೇ ಶಸ್ತ್ರಚಿಕಿತ್ಸೆ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜ. ಪರೇಲಿನಲ್ಲಿ 1926ರಿಂದ ನಡೆದುಬಂದಿರುವ ಕೆ.ಇ.ಎಂ., ಸಯನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲಿನ ನಾಯರ್ ಮುಂತಾದ ಸಾರ್ವಜನಿಕ ಆಸ್ಪತ್ರೆಗಳಿಗೆ ನಗರದಿಂದಷ್ಟೇ ಅಲ್ಲ, ದೂರದ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಶಸ್ತ್ರಚಿಕಿತ್ಸಾಗೃಹ, ತೀವ್ರನಿಗಾ ವಿಭಾಗದ ಹಾಸಿಗೆ, ರಕ್ತ, ಹಣದ ಮಂಜೂರಾತಿ ಇವೆಲ್ಲ ಒಂದೇ ದಿನಕ್ಕೆ ಕೂಡಿಬರಬೇಕು.

ಇದಲ್ಲದೆ ರೋಗಿಯ ದೇಹವನ್ನೂ ಅಣಿಗೊಳಿಸಬೇಕು. ಎಕೋ ಪರೀಕ್ಷೆ, ಹಲವರಿಗೆ ಆಂಜಿಯೋಗ್ರಫಿ, ರಕ್ತ ಪರೀಕ್ಷೆಗಳು ನಡೆಯುತ್ತವೆ. ಹಲ್ಲುಗಳನ್ನೂ ತೋರಿಸಿ ಬನ್ನಿ ಎಂದಾಗ ಅನೇಕರು ಬೆರಗಾಗುತ್ತಾರೆ. ಹುಳುಕು ಹಲ್ಲಿನ, ಕೀವು ತುಂಬಿದ ವಸಡಿನ ರೋಗಾಣುಗಳು ರಕ್ತಕ್ಕೆ ಸೇರಿ ಕವಾಟದ ಮೇಲೆ ನೆಲಸುವ ಅಪಾಯವಿರುವುದರಿಂದಲೇ ಈ ಸೂಚನೆ. ದಂತವೈದ್ಯರಿಗೆ ಹೃದ್ರೋಗದ ವಿಷಯವನ್ನೂ ರಕ್ತ ತೆಳುವಾಗಿಸುವ ಮಾತ್ರೆಯ ವಿಷಯವನ್ನೂ ಮೊದಲೇ ತಿಳಿಸಬೇಕು. ಈ ಕೆಲಸವನ್ನು ಮುಂದೂಡಿದರೆ ಸರದಿ ಬಂದ ದಿನವೂ ಹಿಂದಿರುಗಬೇಕಾದೀತು.

ಪರಸ್ಪರ ಮುಚ್ಚಿಡುವ ಮನಸ್ಸು

ಡೊಂಬಿವಿಲಿಯ ಒಂದು ಸಂಸಾರವನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಗಂಡ ಹೋಟೆಲಿನ ಗಲ್ಲಾದಲ್ಲಿ ಕುಳಿತು ಮೂವತ್ತು ವರ್ಷ ದುಡಿದವನು. ರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಾನೆ. ಹೆಂಡತಿ ಹೆದರಿಯಾಳೆಂದು ನೀರು ಕುಡಿಯಲು ಎದ್ದೆನೆನ್ನುತ್ತಾನೆ. ಹೆಂಡತಿಗೆ ಎಚ್ಚರವಿದೆ, ಅವನ ಮನಸ್ಸು ಕುಗ್ಗೀತೆಂದು ನಿದ್ದೆ ಬಂದವಳಂತೆ ಮಲಗಿರುತ್ತಾಳೆ. ತಿಂಗಳ ತಪಾಸಣೆಯ ದಿನ ವೈದ್ಯರು ಹೇಗಿದ್ದೀರಿ ಎಂದು ಕೇಳಿದರೆ ಅವನ ಉತ್ತರ ‘ಪರವಾಗಿಲ್ಲ ಡಾಕ್ಟ್ರೇ’ ಎಂಬುದು. ಕಾಗದದಲ್ಲಿ ಅದೇ ದಾಖಲಾಗುತ್ತದೆ. ಸರದಿ ಇದ್ದಲ್ಲಿಯೇ ಇರುತ್ತದೆ.

ಆ ಹೊತ್ತಿನಲ್ಲಿ ಹೆಂಡತಿ ‘ಇಲ್ಲ ಡಾಕ್ಟ್ರೇ, ಈಗ ಮೂರು ದಿಂಬು ಇಟ್ಟರೂ ಇವರಿಗೆ ಮಲಗಲು ಆಗುವುದಿಲ್ಲ’ ಎಂಬ ಒಂದು ಮಾತು ಹೇಳಿದರೆ ಸಾಕು, ವೈದ್ಯರು ಮತ್ತೊಮ್ಮೆ ಎದೆಯ ಮೇಲೆ ಸ್ಟೆತಾಸ್ಕೋಪ್ ಇಡುತ್ತಾರೆ. ಸರದಿಯ ಪಟ್ಟಿ ಕಲ್ಲಿನಲ್ಲಿ ಕೊರೆದ ಶಾಸನವಲ್ಲ. ರೋಗ ಉಲ್ಬಣಿಸಿದವರನ್ನು ಮುಂದಕ್ಕೆ ತೆಗೆದುಕೊಳ್ಳುವುದು ವೈದ್ಯರ ಕರ್ತವ್ಯ. ಉಲ್ಬಣಿಸಿದೆಯೆಂದು ತಿಳಿಸುವುದು ಮನೆಯವರ ಕರ್ತವ್ಯ.

ರೋಗಿ ಹೆಂಡತಿಯಾದಾಗ ಈ ಮಾತಿಗೆ ಇನ್ನಷ್ಟು ತೂಕವಿದೆ. ಸಂಧಿವಾತ ಜ್ವರದಿಂದ ಕೆಡುವ ದ್ವಿದಳ ಕವಾಟದ ಸಂಕೋಚನ ಸ್ತ್ರೀಯರಲ್ಲಿಯೇ ಹೆಚ್ಚು. ಆದರೆ ಮನೆಯೊಡತಿಯ ಏದುಸಿರನ್ನು ‘ನಿಶ್ಶಕ್ತಿ’ ಎಂದು ಕಡೆಗಣಿಸುವ ರೂಢಿ ಇಂದಿಗೂ ಅಳಿದಿಲ್ಲ. ನೀರಿನ ಕೊಡ ಎತ್ತುವುದು, ಬಟ್ಟೆ ಒಗೆಯುವುದು, ನಸುಕಿನಲ್ಲೆದ್ದು ಡಬ್ಬಿ ಕಟ್ಟುವುದು ಇವನ್ನು ಪತಿ ಮತ್ತು ಮಕ್ಕಳು ವಹಿಸಿಕೊಳ್ಳುವುದೇ ಆಕೆಗೆ ದೊರೆಯಬೇಕಾದ ಮೊದಲ ಔಷಧ. ಗರ್ಭಧಾರಣೆಯಿಂದ ಹೃದಯದ ಹೊರೆ ಬಹಳ ಹೆಚ್ಚುವುದರಿಂದ ಆ ವಿಷಯವನ್ನೂ, ದಾಂಪತ್ಯ ಜೀವನದ ಇತರ ಸಂದೇಹಗಳನ್ನೂ ದಂಪತಿಗಳಿಬ್ಬರೂ ಸಂಕೋಚವಿಲ್ಲದೆ ವೈದ್ಯರಲ್ಲಿ ಕೇಳಬೇಕು.

ಗಮನಿಸಬೇಕಾದ ಚಿಹ್ನೆಗಳು

ಒಂದು ಸಣ್ಣ ನೋಟುಪುಸ್ತಕ ಸಾಕು. ದಿನವೂ ಬೆಳಿಗ್ಗೆ ಮೂತ್ರ ವಿಸರ್ಜಿಸಿದ ಮೇಲೆ, ತಿಂಡಿಗೆ ಮುನ್ನ ತೂಕ ನೋಡಿ ಬರೆದಿಡಬೇಕು. ಎರಡು ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅದು ಮೈತುಂಬಿದ್ದಲ್ಲ, ನೀರು ತುಂಬಿದ್ದು. ಎಷ್ಟು ದಿಂಬು ಬೇಕಾಯಿತು, ಪಾದ ಊದಿತೇ, ಮಾತ್ರೆ ತಪ್ಪಿತೇ ಎಂಬುದನ್ನೂ ಬರೆಯಬೇಕು. ಮುಂಬಯಿಯ ರೈಲ್ವೆ ಸೇತುವೆಯ ಮೆಟ್ಟಿಲುಗಳೂ ಒಂದು ಅಳತೆಗೋಲೇ. ಹೋದ ತಿಂಗಳು ನಿಲ್ಲದೆ ಹತ್ತಿದವರು ಈ ತಿಂಗಳು ಎರಡು ಕಡೆ ನಿಂತರೆ ಅದನ್ನೂ ವೈದ್ಯರಿಗೆ ಹೇಳಬೇಕು. ಆದರೆ ಪರೀಕ್ಷೆಗೆಂದು ಯಾರನ್ನೂ ಹತ್ತಿಸಬಾರದು.

ಉಸಿರಾಟದ ತೊಂದರೆ ಏರುತ್ತಿದ್ದರೆ, ಕಾಲೂತ ಹೆಚ್ಚಿದರೆ, ಬಿಡದೆ ಜ್ವರ ಬರುತ್ತಿದ್ದರೆ ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಆಸ್ಪತ್ರೆಗೆ ತಿಳಿಸಬೇಕು. ಜ್ವರಕ್ಕೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಿಸಿದರೆ ಕವಾಟಕ್ಕೆ ಸೋಂಕು ತಗಲಿದೆಯೇ ಎಂದು ಪತ್ತೆಹಚ್ಚುವುದೇ ಕಷ್ಟವಾಗುತ್ತದೆ.

ಕುಳಿತಲ್ಲಿಯೂ ಉಸಿರು ಸಿಗದಿರುವುದು, ಕಫದಲ್ಲಿ ರಕ್ತ, ಮೂರ್ಛೆ, ತಡೆಯಲಾರದ ಎದೆನೋವು, ಒಮ್ಮೆಲೇ ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಇವು ಕ್ಷಣವೂ ತಡಮಾಡಬಾರದ ಚಿಹ್ನೆಗಳು. ಮಹಾರಾಷ್ಟ್ರದಲ್ಲಿ 108 ಸಂಖ್ಯೆಗೆ ಕರೆ ಮಾಡಿದರೆ ಅಂಬುಲೆನ್ಸ್ ಉಚಿತವಾಗಿ ದೊರೆಯುತ್ತದೆ. ನೆರೆಯವರು ಕೊಟ್ಟ ಸಾರ್ಬಿಟ್ರೇಟ್ ಮಾತ್ರೆಯನ್ನು ವೈದ್ಯರ ಅಪ್ಪಣೆಯಿಲ್ಲದೆ ನಾಲಿಗೆಯಡಿ ಇಡಬಾರದು. ಮಹಾಧಮನಿಯ ಕವಾಟ ತೀರ ಕಿರಿದಾದವರಲ್ಲಿ ಅದು ರಕ್ತದೊತ್ತಡವನ್ನು ಅಪಾಯಕರವಾಗಿ ಇಳಿಸಬಲ್ಲದು.

ಅಡುಗೆಮನೆ ಮತ್ತು ಔಷಧದ ಡಬ್ಬಿ

ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಸಾರಿಗೆ ಉಪ್ಪು ಕಡಿಮೆ ಮಾಡಿ, ಗಂಜಿಯ ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಡಿಸಿದರೆ ಪ್ರಯೋಜನವಿಲ್ಲ. ಸಂಜೆಯ ಫರಸಾಣ್‌ಗೂ ಈ ಮಾತು ಸಲ್ಲುತ್ತದೆ. ಹುಣಸೆ, ನಿಂಬೆ, ಬೆಳ್ಳುಳ್ಳಿ, ಕೊತ್ತಂಬರಿ, ಜೀರಿಗೆಗಳಿಂದ ರುಚಿ ತರಬಹುದು. ಮನೆಮಂದಿಯೆಲ್ಲ ಅದೇ ಅಡುಗೆಯನ್ನುಂಡರೆ ರೋಗಿಗೆ ಪಂಕ್ತಿಭೇದದ ನೋವಿರುವುದಿಲ್ಲ. ಉಪ್ಪಿಗೆ ಬದಲಾಗಿ ಮಾರುವ ಪೊಟ್ಯಾಸಿಯಂ ಬೆರೆತ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು. ಕುಡಿಯುವ ನೀರಿನ ಮಿತಿಯನ್ನೂ ಅವರೇ ಹೇಳಬೇಕು.

ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ಸೇವಿಸುವವರು ಸೊಪ್ಪು ತಿನ್ನಲೇಬಾರದೆಂಬುದು ತಪ್ಪು ತಿಳುವಳಿಕೆ. ಒಂದು ವಾರ ದಿನವೂ ಬಸಳೆ, ಪಾಲಕ್, ಮರುವಾರ ಏನೂ ಇಲ್ಲವೆಂಬಂತಾಗಬಾರದು. ಪ್ರಮಾಣ ಒಂದೇ ಸಮನಾಗಿರಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಈ ಮಾತ್ರೆಯನ್ನು ಎಂದು ನಿಲ್ಲಿಸಬೇಕೆಂಬುದು ವೈದ್ಯರ ನಿರ್ಧಾರ. ಮಂಡಿನೋವಿಗೆಂದು ನೋವಿನ ಗುಳಿಗೆ ನುಂಗುವುದರಿಂದ ರಕ್ತಸ್ರಾವವೂ ಆದೀತು, ನೀರೂ ನಿಂತೀತು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬರೆದುಕೊಟ್ಟಿದ್ದರೆ ಆ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಡಬೇಕು.

ಹಣದ ಚಿಂತೆ

ಸರದಿ ಬರುವ ಮೊದಲೇ ಕಾಗದಪತ್ರಗಳನ್ನು ಕೂಡಿಸಿಕೊಳ್ಳುವುದು ಸಂಗಾತಿಯ ಇನ್ನೊಂದು ಕೆಲಸ. 2012ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ 2017ರಿಂದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಎನಿಸಿಕೊಂಡ ಮಹಾರಾಷ್ಟ್ರ ಸರಕಾರದ ಯೋಜನೆಯಲ್ಲಿ ಕವಾಟದ ಶಸ್ತ್ರಚಿಕಿತ್ಸೆಯೂ ಸೇರಿದೆ. ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ರೆಂಬ ಸಿಬ್ಬಂದಿ ಮಾಹಿತಿ ಕೊಡುತ್ತಾರೆ. ರೇಷನ್ ಕಾರ್ಡು ಇನ್ನೂ ಊರಿನಲ್ಲಿಯೇ ಇರುವವರು ಈ ತೊಡಕನ್ನು ಮೊದಲೇ ಬಗೆಹರಿಸಿಕೊಳ್ಳಬೇಕು. ಮುಂಬಯಿ ಉಚ್ಚ ನ್ಯಾಯಾಲಯವು 2006ರಲ್ಲಿ ಅಂಗೀಕರಿಸಿದ ವ್ಯವಸ್ಥೆಯಂತೆ ಧರ್ಮಾರ್ಥ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ ಇನ್ನೂ ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯತಿಯಲ್ಲಿಯೂ ಮೀಸಲಿಡಬೇಕು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ 2001ರಲ್ಲಿ ತೆರೆದ ಶ್ರೀ ಸತ್ಯಸಾಯಿ ಸಂಸ್ಥೆಯ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಉಚಿತ. ಕೇಳದೆ ಯಾರೂ ಹೇಳಲಾರರು, ಕೇಳುವುದರಲ್ಲಿ ಅವಮಾನವಿಲ್ಲ.

ಸಂಗಾತಿಗೂ ಒಬ್ಬ ಸಂಗಾತಿ

ಇಷ್ಟೆಲ್ಲ ಹೊಣೆ ಹೊತ್ತವರ ಆರೋಗ್ಯವನ್ನು ವಿಚಾರಿಸುವವರು ವಿರಳ. ಬಂದವರೆಲ್ಲ ರೋಗಿಯ ಯೋಗಕ್ಷೇಮ ಕೇಳಿ, ತಮಗೆ ಗೊತ್ತಿರುವ ಸಾವಿನ ಕಥೆಯೊಂದನ್ನು ಹೇಳಿ, ಚಹಾ ಕುಡಿದು ಹೋಗುತ್ತಾರೆ. ಚಹಾ ಮಾಡಿದವಳು ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲವೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಅವಳ ಸ್ವಂತ ರಕ್ತದೊತ್ತಡದ ಮಾತ್ರೆ ಮುಗಿದು ವಾರವಾಗಿರುತ್ತದೆ. ವಾರದಲ್ಲಿ ಎರಡು ರಾತ್ರಿಯಾದರೂ ಮಗನೋ ನಾದಿನಿಯೋ ರೋಗಿಯ ಬಳಿ ಮಲಗಿ, ಅವಳಿಗೆ ನಿದ್ದೆ ದೊರಕಿಸಬೇಕು.

ಸಂಘಸಂಸ್ಥೆಗಳು ಇಲ್ಲಿಯೇ ನೆರವಾಗಬಲ್ಲವು. ಹಣವೊಂದೇ ನೆರವಲ್ಲ. ಊರಿನಿಂದ ಬಂದು ಕನ್ನಡವನ್ನಷ್ಟೇ ಓದಬಲ್ಲ ಗೃಹಿಣಿಗೆ ಆಸ್ಪತ್ರೆಯ ಮರಾಠಿ, ಇಂಗ್ಲಿಷ್ ಕಾಗದಗಳನ್ನು ಓದಿ ಹೇಳುವ ಒಬ್ಬ ತರುಣ, ಪರೇಲಿಗೆ ಜೊತೆಯಾಗಿ ಹೋಗಿ ಸಾಲಿನಲ್ಲಿ ನಿಲ್ಲುವ ಒಬ್ಬ ನೆರೆಯವ, ಶಸ್ತ್ರಚಿಕಿತ್ಸೆಯ ದಿನ ಊಟದ ಡಬ್ಬಿ ತರುವ ಒಂದು ಮನೆ ಇವೂ ದೊಡ್ಡ ದಾನಗಳೇ. ಹಣಕ್ಕೆ ರಕ್ತ ಕೊಡುವ ಪದ್ಧತಿಯನ್ನು ನಿಲ್ಲಿಸುವಂತೆ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತ ಮೇಲೆ ಸ್ವಯಂಪ್ರೇರಿತ ದಾನಿಗಳೇ ಆಧಾರ. 18ರಿಂದ 65 ವರ್ಷದೊಳಗಿನ ಆರೋಗ್ಯವಂತರು ಮುಂದಾಗಿ ಹೆಸರು ಕೊಟ್ಟಿದ್ದರೆ, ಕೊನೆಯ ಗಳಿಗೆಯಲ್ಲಿ ಆ ಹೆಂಡತಿ ದಾನಿಗಳಿಗಾಗಿ ಮನೆಮನೆ ಅಲೆಯಬೇಕಾಗಿಲ್ಲ.

ಶಸ್ತ್ರಚಿಕಿತ್ಸೆ ಆದೊಡನೆ ಎಲ್ಲವೂ ಮುಗಿಯುವುದಿಲ್ಲ. ಎದೆಯ ಎಲುಬು ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಲೋಹದ ಕವಾಟವಿದ್ದರೆ ರಕ್ತ ತೆಳುವಾಗಿಸುವ ಮಾತ್ರೆಯೂ ಅದರ ಪರೀಕ್ಷೆಯೂ ಬಾಳಿನುದ್ದಕ್ಕೂ ಇರುತ್ತವೆ. ಕಾಯುವ ದಿನಗಳಲ್ಲಿ ಕಲಿತ ಶಿಸ್ತು ಆಗ ಕೈಹಿಡಿಯುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ಅಂಥ ಕವಾಟದ ಸಣ್ಣ ಟಿಕ್ ಟಿಕ್ ಸದ್ದು ಪಕ್ಕದಲ್ಲಿ ಮಲಗಿದವರಿಗೂ ಕೆಲವೊಮ್ಮೆ ಕೇಳಿಸುತ್ತದೆ. ಮೊದಲ ರಾತ್ರಿಗಳಲ್ಲಿ ಅದು ನಿದ್ದೆ ಕೆಡಿಸುವುದುಂಟು. ಕೆಲವು ದಿನಗಳಲ್ಲಿ ಆ ಸದ್ದು ಕೇಳಿದ ಮೇಲೆಯೇ ನಿದ್ದೆ ಬರತೊಡಗುತ್ತದೆ.